ಆದಿ ಖಲೀಫರೂ ಉತ್ತರಾಧಿಕಾರದ ಪ್ರಶ್ನೆಯೂ

೧

ಖಲೀಫ ಎಂಬ ಶಬ್ದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಅರ್ಥವನ್ನು ಹೇಳುವುದುಂಟು. ಖಲೀಫನೆಂದರೆ ಮುಸಲ್ಮಾನರ ಧರ್ಮಗುರು, ರೋಮಾಪುರಿಯ ಪೋಪನಂಥವನು, ಎಂದು ಕೆಲವರು ತಿಳಿದಿರುವರು. ಬಾಗ್ದಾದಿನ ವೈಭವದ ಕಥೆಗಳನ್ನು ಕೇಳಿದ ಮತ್ತೆ ಕೆಲವರು ಆತನನ್ನು ಚಕ್ರವರ್ತಿಯೆಂದೇ ಭಾವಿಸಿರುವರು. ಈ ಎರಡರ್ಥಗಳೂ ಅಪೂರ್ಣವಾದುವು. ಖಲೀಫನಿಗೆ ಹೊಸ ಧರ್ಮಸೂತ್ರವನ್ನು ವಿಧಿಸುವ ಅಧಿಕಾರವಿರಲಿಲ್ಲ. ಪಾಪವನ್ನು ಕ್ಷಮಿಸುವ ಅಧಿಕಾರವಂತೂ ಇರಲೇ ಇಲ್ಲ. ಆದುದರಿಂದ ಆತನು ಪೋಪನಲ್ಲ. ಮೊದಲ ನಾಲ್ವರು ಖಲೀಫರಿಗೆ ಕಿರೀಟವೂ ಸಿಂಹಾಸನವೂ ಇರಲಿಲ್ಲ. ಅವರಲ್ಲಿ ಒಬ್ಬರಾದರೂ ತಂದೆಯಿಂದ ಅಧಿಕಾರವನ್ನು ಪಡೆದವರಲ್ಲ. ಆದುದರಿಂದ ನಮ್ಮ ಅರ್ಥಶಾಸ್ತ್ರಗಳು ಹೇಳುವ ರಾಜರೂ ಅವರಲ್ಲ.

ಹಾಗಾದರೆ ಖಲೀಫನೆಂದರೆ ಯಾರು? ಅರಬ್ಬೀ ಭಾಷೆಯಲ್ಲಿ ‘ಖ-ಲ-ಫ’ ಎಂಬ ಧಾತುವಿಗೆ ಹಿಂದೆ ಬರುವುದು, ಒಬ್ಬನ ತರುವಾಯ ಅವನ ಸ್ಥಾನದಲ್ಲಿ ನಿಲ್ಲುವುದು ಎಂದರ್ಥ. ನಮ್ಮ ಶಾಬ್ದಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಸಂಬಂಧಿಶಬ್ದವು. ‘ಪುತ್ರ’ ಎಂದೊಡನೆ ಯಾರ ಪುತ್ರನೆಂಬ ಆಕಾಂಕ್ಷೆಯುಂಟಾಗುವಂತೆ ‘ಖಲೀಫ’ ಎಂದೊಡನೆ ಯಾರ ಖಲೀಫನೆಂಬ ಆಕಾಂಕ್ಷೆಯು ಹುಟ್ಟುತ್ತದೆ. ಮೊದಲನೆಯವರಾದ ಅಬೂಬಕರರು ‘ದೇವದೂತನ ಖಲೀಫ’ ಎನಿಸಿಕೊಂಡರು. ಎರಡನೆಯವರಾದ ಉಮರರು ಹಾಗೆ ನೋಡಿದರೆ ‘ದೇವದೂತನ ಖಲೀಫನ ಖಲೀಫ’ ಎನಿಸಬೇಕಾಗಿದ್ದಿತು. ಈ ಪರಂಪರೆಯು ಬೆಳೆದರೆ ಉಚ್ಚರಿಸಲಾಗದಷ್ಟು ಉದ್ದವಾಗುವುದೆಂದು ಅವರು ‘ಅಮೀರುಲ್ ಮೂಮಿನೀನ್’, ಎಂದರೆ ಶ್ರದ್ಧಾವಂತರ ನಾಯಕ, ಎಂಬ ಬಿರುದನ್ನು ಹಿಡಿದರೆಂದು ಹೇಳುವರು. ಮುಂದೆ ದಮಾಸ್ಕಸಿನಲ್ಲಿ ಆಳಿದ ಉಮಯ್ಯ ವಂಶದವರು ‘ದೇವರ ಖಲೀಫ’ ಎಂದೇ ಕರೆಯಿಸಿಕೊಂಡರು. ಷಷ್ಠೀವಿಭಕ್ತಿಯಲ್ಲಿ ನಿಂತ ಪದವು ಹೀಗೆ ಬದಲಾದುದರಲ್ಲಿಯೇ ಈ ಪದವಿಯ ಇತಿಹಾಸದ ಬೀಜವು ಅಡಗಿದೆ. ಒಬ್ಬನ ಅಧಿಕಾರವು ಎಲ್ಲಿಂದ ಬಂದುದು? ಜನರು ಆರಿಸಿದುದರಿಂದಲೋ, ಹಿಂದಿನವನು ನೇಮಿಸಿದುದರಿಂದಲೋ, ಕುಲದಿಂದಲೋ, ಕತ್ತಿಯಿಂದಲೋ? ಈ ಪ್ರಶ್ನೆಯನ್ನು ಮೊದಲ ನಾಲ್ವರ ಕಾಲದಲ್ಲಿ, ಎಂದರೆ ಕ್ರಿ. ಶ. ೬೩೨ರಿಂದ ೬೬೧ರವರೆಗಿನ ೨೯ ವರ್ಷಗಳಲ್ಲಿ, ಹೇಗೆ ಬಿಡಿಸಲು ಯತ್ನಿಸಿದರೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶವು.

ಆಧಾರಗಳ ವಿಷಯವಾಗಿ ಒಂದು ಮಾತು. ಈ ಸಂಗತಿಗಳನ್ನು ವಿಸ್ತಾರವಾಗಿ ಹೇಳುವ ಗ್ರಂಥಕಾರರಲ್ಲಿ ಬಲಾಜುರಿಯು ೮೯೨ರಲ್ಲಿಯೂ ತಬರಿಯು ೯೨೩ರಲ್ಲಿಯೂ ಕಾಲವಾದವರು. ಘಟನೆಗಳಿಗೂ ಇವರಿಗೂ ಇನ್ನೂರು ವರ್ಷಗಳಿಗೆ ಮೀರಿದ ಅಂತರವಿರುವುದು. ಆದರೆ ತಬರಿಯು ಒಂದು ಸಂಗತಿಗೆ ಎರಡು ಮೂರು ಪಾಠಗಳಿದ್ದರೆ ಅವುಗಳಲ್ಲಿ ಒಂದನ್ನೇ ಆರಿಸಿಕೊಂಡು ಮಿಕ್ಕವನ್ನು ಬಿಡುವವನಲ್ಲ. ಇಂಥವರಿಂದ ಇಂಥವರು ಕೇಳಿದರೆಂದು ಹೇಳಿಕೆಯ ಪರಂಪರೆಯನ್ನು ಕೊಟ್ಟು, ಪರಸ್ಪರ ವಿರುದ್ಧವಾದ ಪಾಠಗಳನ್ನೂ ಒಂದರ ಮಗ್ಗುಲಲ್ಲಿ ಒಂದನ್ನಿಡುವನು. ಆದ್ದರಿಂದ ಇಲ್ಲಿ ವಾಚಕರಿಗೆ ಒಂದು ಅನುಕೂಲವುಂಟು: ಪಕ್ಷಪ್ರತಿಪಕ್ಷಗಳೆರಡರ ಮಾತೂ ಉಳಿದುಬಂದಿದೆ.

೨

ಮಹಮ್ಮದ್ ಪೈಗಂಬರರು ೬೩೨ನೆಯ ಜೂನ್ ತಿಂಗಳಲ್ಲಿ ಮದೀನದಲ್ಲಿ ದೇಹವನ್ನು ಬಿಟ್ಟರು. ಅವರಿಗೆ ಬದುಕಿ ಉಳಿದ ಗಂಡು ಸಂತಾನವಿರಲಿಲ್ಲ. ಅವರ ಕುಟುಂಬದವರೂ, ಚಿಕ್ಕಪ್ಪನ ಮಗನೂ ಅಳಿಯನೂ ಆದ ಅಲಿಯವರೂ ಅಂತ್ಯಕ್ರಿಯೆಯ ಸಿದ್ಧತೆಯಲ್ಲಿರುವಾಗ, ಮದೀನದ ಮೂಲನಿವಾಸಿಗಳಾದ ಅನ್ಸಾರರು ಬನೂ ಸಾಇದ ಎಂಬ ಕುಲದವರ ಚಪ್ಪರದಲ್ಲಿ ಕೂಡಿ, ತಮ್ಮಲ್ಲಿ ಮುಖ್ಯನಾದ ಸಾದ್ ಬಿನ್ ಉಬಾದನನ್ನು ನಾಯಕನನ್ನಾಗಿ ಮಾಡಬೇಕೆಂದು ಆಲೋಚಿಸಿದರು. ಸುದ್ದಿಯು ತಿಳಿದೊಡನೆ ಅಬೂಬಕರ್, ಉಮರ್, ಅಬೂ ಉಬೈದ ಎಂಬ ಮೂವರು ಅಲ್ಲಿಗೆ ಧಾವಿಸಿದರು. ನಮ್ಮವನೊಬ್ಬ, ನಿಮ್ಮವನೊಬ್ಬ, ಹೀಗೆ ಇಬ್ಬರು ನಾಯಕರಿರಲಿ ಎಂಬ ಸಲಹೆಯೂ ಬಂದಿತು. ಮಕ್ಕದ ಕುರೈಷರ ಮುಂದಾಳುತನವನ್ನಲ್ಲದೆ ಬೇರೆಯವರದನ್ನು ಅರಬ್ಬರು ಒಪ್ಪಲಾರರೆಂದು ಅಬೂಬಕರರು ವಾದಿಸಿ, ಉಮರ್, ಅಬೂ ಉಬೈದ ಇವರಲ್ಲೊಬ್ಬರನ್ನು ಆರಿಸಿರೆಂದರು. ಮಾತಿಗೆ ಮಾತು ಬೆಳೆಯುತ್ತಿರಲು ಉಮರರು ಅಬೂಬಕರರ ಕೈಯನ್ನೇ ಹಿಡಿದು ವಿಧೇಯತೆಯ ಪ್ರತಿಜ್ಞೆಯನ್ನು ಮಾಡಿದರು. ನೆರೆದವರು ಅದನ್ನನುಸರಿಸಿದರು. ಕೈಯಲ್ಲಿ ಕೈಯಿಟ್ಟು ಮಾಡುವ ಈ ಪ್ರತಿಜ್ಞೆಗೆ ‘ಬೈಅತ್’ ಎಂದು ಹೆಸರು. ವ್ಯಾಪಾರದಲ್ಲಿ ಕ್ರಯವನ್ನು ನಿಶ್ಚಯಿಸುವುದನ್ನು ಹೇಳುವ ಧಾತುವಿನಿಂದಲೇ ಈ ಪದವು ಹುಟ್ಟಿದೆ; ಎರಡು ಪಕ್ಷದವರು ಮಾಡಿಕೊಂಡ ಒಡಂಬಡಿಕೆಯೆಂಬ ಭಾವವು ಅದರಲ್ಲಿ ಸ್ಪಷ್ಟವಾಗಿದೆ.

ಈ ಆಯ್ಕೆಯಲ್ಲಿ ಅಲಿಯವರ ಸಮ್ಮತಿಯನ್ನು ಕೇಳಿರಲಿಲ್ಲ. ಅವರು ಪ್ರತಿಜ್ಞೆಮಾಡಿದುದು ಪೈಗಂಬರರ ಪುತ್ರಿಯೂ ತಮ್ಮ ಪತ್ನಿಯೂ ಆದ ಫಾತಿಮಾದೇವಿಯು ತೀರಿಕೊಂಡ ಮೇಲೆ, ಸುಮಾರು ಆರು ತಿಂಗಳ ತರುವಾಯ ಎಂದು ಪ್ರಸಿದ್ಧವಾದ ಒಂದು ಪಾಠವು ಹೇಳುವುದು. ಪೈಗಂಬರರು ತಮ್ಮ ಕಡೆಯ ಯಾತ್ರೆಯಿಂದ ಮರಳುವಾಗ ಗದೀರ್ ಖುಮ್ಮ್ ಎಂಬ ಕೊಳದ ಬಳಿಯಲ್ಲಿ, ತಾವು ಯಾರಿಗೆ ‘ಮೌಲಾ’ ಆಗಿರುವೆವೋ ಅವರಿಗೆ ಅಲಿಯೂ ಮೌಲಾ ಎಂದು ಸಾರಿದರೆಂಬುದನ್ನು ಎರಡು ಪಂಗಡದವರೂ ಒಪ್ಪುವರು. ಆದರೆ ಆ ಪದಕ್ಕೆ ಒಡೆಯನೆಂದೂ ಅರ್ಥವುಂಟು, ಆಪ್ತನೆಂದೂ ಅರ್ಥವುಂಟು. ಮೊದಲನೆಯ ಅರ್ಥವನ್ನು ಹಿಡಿದವರು ಷಿಯಾಗಳಾದರು. ಎರಡನೆಯದನ್ನು ಹಿಡಿದವರು ಸುನ್ನಿಗಳಾದರು. ಒಂದು ನಾನಾರ್ಥಪದವು ಇಷ್ಟು ದೊಡ್ಡ ಭೇದಕ್ಕೆ ಆಶ್ರಯವಾದುದು ಶಬ್ದಾರ್ಥಚಿಂತಕರಿಗೆ ಗಮನಾರ್ಹವಾದ ಸಂಗತಿಯು.

ಇದಕ್ಕಿಂತಲೂ ಗಮನಿಸಬೇಕಾದ ಇನ್ನೊಂದು ಹೇಳಿಕೆಯುಂಟು. ಉಮರರು ತಮ್ಮ ಕಡೆಗಾಲದಲ್ಲಿ ಮದೀನದ ಮಸೀದಿಯಲ್ಲಿ ಮಾತನಾಡುತ್ತ, ಅಬೂಬಕರರ ಆಯ್ಕೆಯು ಪೂರ್ವಾಲೋಚನೆಯಿಲ್ಲದೆ ಹಠಾತ್ತಾಗಿ ನಡೆದುದೆಂದೂ, ಅದರಿಂದುಂಟಾಗಬಹುದಾಗಿದ್ದ ಕೇಡನ್ನು ದೇವರು ತಪ್ಪಿಸಿದನೆಂದೂ, ಸಮಾಲೋಚನೆಯಿಲ್ಲದೆ ಇನ್ನೊಬ್ಬನಿಗೆ ಹಾಗೆ ಪ್ರತಿಜ್ಞೆಮಾಡುವುದು ಸಲ್ಲದೆಂದೂ ಹೇಳಿದರಂತೆ. ಅಬೂಬಕರರ ಕೈಯನ್ನು ಮೊದಲು ಹಿಡಿದವರೇ ಅದು ಮಾದರಿಯಲ್ಲವೆಂದು ಸಾರಿದರೆಂಬುದನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

೩

ಅಬೂಬಕರರ ಆಳಿಕೆಯು ಎರಡು ವರ್ಷಗಳಿಗೆ ಸ್ವಲ್ಪ ಹೆಚ್ಚಾಗಿ ನಡೆಯಿತು. ಪೈಗಂಬರರೊಡನೆ ಮಾಡಿಕೊಂಡ ಒಡಂಬಡಿಕೆಯು ಅವರೊಡನೆಯೇ ಮುಗಿಯಿತೆಂದು ಹೇಳಿ ಜಕಾತನ್ನು ನಿಲ್ಲಿಸಿದ ಬುಡಕಟ್ಟುಗಳನ್ನು ಅವರು ಯುದ್ಧದಿಂದ ಅಧೀನಪಡಿಸಿಕೊಂಡರು. ಈ ಯುದ್ಧಗಳ ಮೂಲದಲ್ಲಿಯೂ ನಮ್ಮ ಪ್ರಶ್ನೆಯೇ ಇರುವುದು: ಒಪ್ಪಂದವು ವ್ಯಕ್ತಿಯೊಡನೆಯೋ, ಪದವಿಯೊಡನೆಯೋ? ಪದವಿಯೊಡನೆ ಎಂಬುದು ಅಬೂಬಕರರ ಸಿದ್ಧಾಂತವು. ಆ ಸಿದ್ಧಾಂತವು ಗೆಲ್ಲದೆ ಇದ್ದಿದ್ದರೆ ಖಿಲಾಫತ್ತು ಎಂಬ ಸಂಸ್ಥೆಯೇ ಹುಟ್ಟುತ್ತಿರಲಿಲ್ಲ.

೬೩೪ರಲ್ಲಿ ಮರಣಶಯ್ಯೆಯಲ್ಲಿದ್ದಾಗ ಅವರು ಮುಖ್ಯರಾದ ಕೆಲವರ ಅಭಿಪ್ರಾಯವನ್ನು ಕೇಳಿ, ಉಸ್ಮಾನರಿಂದ ಶಾಸನವನ್ನು ಬರೆಯಿಸಿ, ಉಮರರನ್ನು ತಾವೇ ನೇಮಿಸಿದರು. ಮೊದಲನೆಯ ಆಯ್ಕೆಯು ಸಭೆಯಲ್ಲಿ ನಡೆದಿದ್ದರೆ ಎರಡನೆಯದು ಹಾಸಿಗೆಯ ಬಳಿಯಲ್ಲಿ ನಡೆಯಿತು. ಅಬೂಬಕರರಿಗೆ ಗಂಡುಮಕ್ಕಳಿದ್ದರೂ ಅವರ ಹೆಸರು ಬರಲಿಲ್ಲ.

ಉಮರರ ಹತ್ತು ವರ್ಷಗಳಲ್ಲಿ ಸಿರಿಯ, ಇರಾಕ್, ಈಜಿಪ್ಟ್ ದೇಶಗಳೂ ಪಾರಸಿಕದ ಬಹುಭಾಗವೂ ಅರಬ್ಬರ ವಶವಾದುವು. ೬೩೬ರ ಯರ್ಮೂಕ್ ಯುದ್ಧದಿಂದ ರೋಮಕರು ಸಿರಿಯವನ್ನು ಬಿಟ್ಟರು. ೬೪೨ರ ನಿಹಾವಂದ್ ಯುದ್ಧದಿಂದ ಸಾಸಾನಿ ರಾಜ್ಯದ ಬೆನ್ನು ಮುರಿಯಿತು. ಯುದ್ಧಗಳ ವರ್ಣನೆಯು ಎಲ್ಲ ಇತಿಹಾಸಗಳಲ್ಲಿಯೂ ಸಿಕ್ಕುವುದರಿಂದ ಅದನ್ನಿಲ್ಲಿ ವಿಸ್ತರಿಸುವುದಿಲ್ಲ. ಆಡಳಿತದ ವಿಷಯವು ಹೆಚ್ಚು ವಿಚಾರಯೋಗ್ಯವಾಗಿದೆ. ಇರಾಕಿನ ಫಲವತ್ತಾದ ಭೂಮಿಯನ್ನು ಗೆದ್ದ ಸೈನಿಕರಿಗೆ ಹಂಚಬೇಕೆಂಬ ಒತ್ತಾಯವನ್ನು ಉಮರರು ಒಪ್ಪಲಿಲ್ಲ. ಈಗಿನವರಿಗೆ ಹಂಚಿಬಿಟ್ಟರೆ ಮುಂದೆ ಹುಟ್ಟುವವರಿಗೆ ಏನುಳಿಯುವುದೆಂಬುದು ಅವರ ಪ್ರಶ್ನೆಯಾಗಿದ್ದಿತು. ಉಳುವವರನ್ನು ಭೂಮಿಯಲ್ಲಿಯೇ ಉಳಿಸಿ, ಅವರಿಂದ ಬಂದ ಕಂದಾಯವನ್ನು ಬೊಕ್ಕಸಕ್ಕೆ ಸೇರಿಸಿ, ಅಲ್ಲಿಂದ ಸೈನಿಕರಿಗೆ ವರ್ಷಾಶನವನ್ನು ಕೊಡುವ ಪದ್ಧತಿಯನ್ನು ಏರ್ಪಡಿಸಿದರು. ಇದಕ್ಕಾಗಿ ಹೆಸರುಗಳನ್ನು ಬರೆದಿಟ್ಟ ಪಟ್ಟಿಗೆ ‘ದೀವಾನ್’ ಎಂದು ಹೆಸರಾಯಿತು. ಪಟ್ಟಿಯಲ್ಲಿ ತಾರತಮ್ಯವನ್ನು ನಿರ್ಣಯಿಸಿದುದು ಸಂಪತ್ತಿನಿಂದಲ್ಲ. ಯಾರು ಎಷ್ಟು ಮುಂಚಿತವಾಗಿ ಧರ್ಮವನ್ನು ಸೇರಿದರು, ಪೈಗಂಬರರಿಗೆ ಎಷ್ಟು ಸಮೀಪದವರು ಎಂಬುದರಿಂದ. ಬದ್ರ್ ಯುದ್ಧದಲ್ಲಿ ಹೋರಾಡಿದವರಿಗೆ ವರ್ಷಕ್ಕೆ ೫೦೦೦ ದಿರ್ಹಮುಗಳು ಗೊತ್ತಾದುವೆಂದು ಒಂದು ಪಾಠವುಂಟು. ಹಿಜರಿ ಶಕದ ಗಣನೆಯೂ ಉಮರರ ಏರ್ಪಾಡೇ.

ದೀವಾನ್ ಪದವು ಮುಂದೆ ಪಟ್ಟಿಯಿಂದ ಕಚೇರಿಗೂ, ಕಚೇರಿಯಿಂದ ಅದರ ಅಧಿಕಾರಿಗೂ ಅನ್ವಯಿಸಿ, ಪಾರಸಿಯ ಮೂಲಕ ನಮ್ಮ ದೇಶಕ್ಕೆ ಬಂದಿತು. ಮೈಸೂರು ಸಂಸ್ಥಾನದ ಪ್ರಧಾನಾಮಾತ್ಯರಿಗೆ ಇದ್ದ ‘ದಿವಾನ’ ಎಂಬ ಬಿರುದಿನ ಮೂಲವು ಇದೇ. ಖಲೀಫರ ಪ್ರಾಂತಾಧಿಕಾರಿಗೆ ‘ಆಮಿಲ್’ ಎಂಬ ಹೆಸರಿದ್ದಿತು. ನಮ್ಮ ‘ಅಮಲ್ದಾರ’ ಪದದ ಪೂರ್ವಭಾಗವೂ ಅದೇ ಧಾತುವಿನಿಂದ ಬಂದುದು.

೪

೬೪೪ನೆಯ ನವೆಂಬರಿನಲ್ಲಿ ಮಸೀದಿಯಲ್ಲಿ ಪ್ರಾರ್ಥನೆಯನ್ನು ನಡೆಯಿಸುತ್ತಿದ್ದ ಉಮರರನ್ನು ಅಬೂ ಲೂಲೂ ಎಂಬ ಪಾರಸಿಕ ಗುಲಾಮನು ಕಠಾರಿಯಿಂದ ಇರಿದನು. ಸಾಯುವ ಮುನ್ನ ಅವರು ಅಬೂಬಕರರಂತೆ ಒಬ್ಬನನ್ನು ನೇಮಿಸಲೂ ಇಲ್ಲ, ಪೈಗಂಬರರಂತೆ ಸುಮ್ಮನಿರಲೂ ಇಲ್ಲ. ಅಲಿ, ಉಸ್ಮಾನ್, ಅಬ್ದುರ್ರಹಮಾನ್ ಬಿನ್ ಔಫ್, ಸಾದ್ ಬಿನ್ ಅಬೀ ವಕ್ಕಾಸ್, ಜುಬೈರ್, ತಲ್ಹ ಎಂಬ ಆರು ಮಂದಿಯನ್ನು ಗೊತ್ತುಮಾಡಿ, ತಮ್ಮೊಳಗೆ ಒಬ್ಬನನ್ನು ಅವರೇ ಆರಿಸಿಕೊಳ್ಳತಕ್ಕುದೆಂದು ವಿಧಿಸಿದರು. ಈ ಸಮಾಲೋಚನೆಗೆ ‘ಷೂರಾ’ ಎಂದು ಹೆಸರು. ಉಮರರ ಮಗನಾದ ಅಬ್ದುಲ್ಲನು ಸಲಹೆಯನ್ನು ಹೇಳಬಹುದು, ಆದರೆ ಪದವಿಗೆ ಅರ್ಹನಲ್ಲ ಎಂಬುದು ಅವರ ಸ್ಪಷ್ಟವಾದ ಆಜ್ಞೆ.

ಅಬ್ದುರ್ರಹಮಾನನು ತಾನು ಪದವಿಯನ್ನು ಬಯಸುವುದಿಲ್ಲವೆಂದು ಹೇಳಿ ಮಧ್ಯಸ್ಥನಾದನು. ಕಡೆಗೆ ಅಲಿ, ಉಸ್ಮಾನ್ ಇಬ್ಬರೇ ಉಳಿದಾಗ ಇಬ್ಬರಿಗೂ ಒಂದೇ ಪ್ರಶ್ನೆಯನ್ನು ಹಾಕಿದನು: ದೇವರ ಗ್ರಂಥವನ್ನೂ, ಪೈಗಂಬರರ ಆಚಾರವನ್ನೂ, ಹಿಂದಿನ ಇಬ್ಬರು ಖಲೀಫರ ಪದ್ಧತಿಯನ್ನೂ ಅನುಸರಿಸುವಿರಾ? ಅಲಿಯವರು ತಮ್ಮ ಜ್ಞಾನಕ್ಕೂ ಶಕ್ತಿಗೂ ಅನುಸಾರವಾಗಿ ನಡೆಯುವೆನೆಂದರು. ಉಸ್ಮಾನರು ಅನುಸರಿಸುವೆನೆಂದು ನಿಸ್ಸಂದೇಹವಾಗಿ ಒಪ್ಪಿದರು, ಖಲೀಫರೂ ಆದರು.

ಈ ಒಂದು ಪ್ರಶ್ನೋತ್ತರವೇ ನಮ್ಮ ವಿಷಯದ ಮರ್ಮಸ್ಥಾನವೆಂದು ನಾವು ತಿಳಿಯುವೆವು. ಶ್ರುತಿ, ಸ್ಮೃತಿ, ಶಿಷ್ಟಾಚಾರ ಎಂಬ ಮೂರು ಪ್ರಮಾಣಗಳನ್ನು ಬಲ್ಲ ನಮ್ಮ ಧರ್ಮಶಾಸ್ತ್ರಜ್ಞರಿಗೆ ಇದು ಸುಲಭವಾಗಿ ಅರ್ಥವಾಗುವುದು. ಗ್ರಂಥವೂ ಪೈಗಂಬರರ ಆಚಾರವೂ ಪ್ರಮಾಣವೆಂಬುದರಲ್ಲಿ ಇಬ್ಬರಿಗೂ ವಿವಾದವಿರಲಿಲ್ಲ. ಪೂರ್ವಾಧಿಕಾರಿಗಳು ಮಾಡಿದುದು ಮುಂದಿನವನನ್ನು ಬಂಧಿಸುವ ಪ್ರಮಾಣವೋ, ಅಥವಾ ಅವನು ತನ್ನ ವಿವೇಕದಿಂದ ಪರೀಕ್ಷಿಸಿ ಸ್ವೀಕರಿಸಬಹುದಾದ ನಿದರ್ಶನ ಮಾತ್ರವೋ ಎಂಬುದೇ ವಿವಾದಾಸ್ಪದವಾದ ವಿಷಯವು. ಅಲಿಯವರ ಉತ್ತರವನ್ನು ಅಧಿಕಾರದಾಸೆಯಿಲ್ಲದ ಪ್ರಾಮಾಣಿಕತೆಯೆಂದು ಕೆಲವರೂ, ಸಮಯಜ್ಞತೆಯಿಲ್ಲದ ಮಾತೆಂದು ಕೆಲವರೂ ವ್ಯಾಖ್ಯಾನಿಸಿರುವರು. ಅದು ಒಂದು ಸಿದ್ಧಾಂತವೆಂಬುದನ್ನು ಮಾತ್ರ ಮರೆಯಲಾಗದು.

೫

ಉಸ್ಮಾನರ ಹನ್ನೆರಡು ವರ್ಷಗಳ ಆಳಿಕೆಯಲ್ಲಿ ಪವಿತ್ರ ಕುರಾನಿನ ಪಾಠವನ್ನು ನಿರ್ಣಯಿಸಿ ಅದರ ಪ್ರತಿಗಳನ್ನು ಮುಖ್ಯನಗರಗಳಿಗೆ ಕಳುಹಿಸಿದ ಮಹಾಕಾರ್ಯವು ನಡೆಯಿತು. ಆದರೆ ಕೂಫ, ಬಸ್ರ, ಈಜಿಪ್ಟುಗಳಲ್ಲಿ ತಮ್ಮ ಬಂಧುಗಳನ್ನೇ ಅಧಿಕಾರಿಗಳನ್ನಾಗಿ ಮಾಡಿದರೆಂಬ ಅಸಮಾಧಾನವು ಬಲಿಯಿತು. ೬೫೬ರಲ್ಲಿ ಈ ಪ್ರಾಂತ್ಯಗಳಿಂದ ಬಂದ ದಂಗೆಕಾರರು ಅವರ ಮನೆಯನ್ನು ಮುತ್ತಿ, ಪದವಿಯನ್ನು ಬಿಡಬೇಕೆಂದು ಕೇಳಿದರು. ದೇವರು ತೊಡಿಸಿದ ಅಂಗಿಯನ್ನು ತಾವು ಕಳಚುವುದಿಲ್ಲವೆಂಬ ಅಭಿಪ್ರಾಯದ ಉತ್ತರವನ್ನು ಉಸ್ಮಾನರು ಕೊಟ್ಟರು. ತಮಗಾಗಿ ಮದೀನದಲ್ಲಿ ರಕ್ತವನ್ನು ಸುರಿಸಬಾರದೆಂದು ರಕ್ಷಕರನ್ನೂ ತಡೆದರು. ಆ ಜೂನ್ ತಿಂಗಳಲ್ಲಿ ದಂಗೆಕಾರರು ಒಳನುಗ್ಗಿ ಆ ವೃದ್ಧರನ್ನು ಕೊಂದರು.

ಆರು ಮಂದಿಯಲ್ಲಿ ಒಬ್ಬರೆಂದು ಆರಿಸಲ್ಪಟ್ಟವರು, ಪದವಿಯನ್ನು ದೇವರು ಕೊಟ್ಟನೆಂದು ಹೇಳಿದುದನ್ನು ಗಮನಿಸಬೇಕು. ಇದು ಕಪಟವಲ್ಲ, ಆಯ್ಕೆಯ ಮೂಲಕ ದೇವರ ಸಂಕಲ್ಪವೇ ಪ್ರಕಟವಾಗುವುದೆಂದು ಅವರು ನಂಬಿದ್ದರು. ಆದರೆ ಕೊಟ್ಟವರು ಹಿಂತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆಗೆ ಆ ವರೆಗೆ ಯಾರೂ ಉತ್ತರವನ್ನು ಯೋಚಿಸಿರಲಿಲ್ಲ. ಖಲೀಫನನ್ನು ಆರಿಸಲು ಮೂರು ದಾರಿಗಳು ಹುಟ್ಟಿದ್ದುವು. ಇಳಿಸಲು ಒಂದು ದಾರಿಯೂ ಇರಲಿಲ್ಲ. ದಾರಿಯಿಲ್ಲದೆಡೆಯಲ್ಲಿ ಕತ್ತಿಯೇ ದಾರಿಯಾಯಿತು.

೬

ಕೊಲೆಯಿಂದ ತಲ್ಲಣಿಸಿದ ಮದೀನದ ಜನರು ಅಲಿಯವರಿಗೆ ಬಹಿರಂಗವಾಗಿ ಪ್ರತಿಜ್ಞೆಮಾಡಿದರು. ಇದು ನಾಲ್ಕನೆಯ ವಿಧಾನವು. ಆದರೆ ಹಂತಕರಿಗೆ ಶಿಕ್ಷೆಯಾಗುವ ಮುನ್ನ ಆಯ್ಕೆಯು ಸಲ್ಲದೆಂಬ ವಾದವು ಎದ್ದಿತು. ಪೈಗಂಬರರ ಪತ್ನಿಯಾದ ಆಯಿಷಾದೇವಿಯೂ ತಲ್ಹ ಜುಬೈರರೂ ಬಸ್ರದ ಬಳಿ ಅಲಿಯವರನ್ನೆದುರಿಸಿದರು. ೬೫೬ರ ಕೊನೆಯಲ್ಲಿ ನಡೆದ ಈ ‘ಒಂಟೆಯ ಯುದ್ಧ’ದಲ್ಲಿ ಅಲಿಯವರಿಗೆ ಜಯವಾಯಿತು. ಷೂರಾದ ಆರು ಮಂದಿಯಲ್ಲಿ ಇಬ್ಬರು ಮೂರನೆಯವನೊಡನೆ ಹೋರಾಡಿ ಅಳಿದುದನ್ನು ನೋಡಿದರೆ, ಹನ್ನೆರಡು ವರ್ಷಗಳಲ್ಲಿ ಎಷ್ಟು ಬದಲಾವಣೆಯಾಗಿದ್ದಿತೆಂಬುದು ತಿಳಿಯುವುದು.

ಉಸ್ಮಾನರ ಬಂಧುವೂ ಸಿರಿಯದ ಅಧಿಪತಿಯೂ ಆದ ಮುಆವಿಯರು ೬೫೭ರಲ್ಲಿ ಯೂಫ್ರಟೀಸ್ ನದಿಯ ಸಮೀಪದ ಸಿಫ್ಫೀನಿನಲ್ಲಿ ಅಲಿಯವರನ್ನು ಎದುರಿಸಿದರು. ಸಿರಿಯದ ಸೈನಿಕರು ಈಟಿಗಳ ತುದಿಗೆ ಕುರಾನಿನ ಪತ್ರಗಳನ್ನು ಕಟ್ಟಿ ಎತ್ತಿ, ಗ್ರಂಥವೇ ತೀರ್ಪುಗೊಡಲೆಂದು ಕೂಗಲು ಯುದ್ಧವು ನಿಂತಿತು. ಎರಡು ಪಕ್ಷದಿಂದಲೂ ಒಬ್ಬೊಬ್ಬ ಮಧ್ಯಸ್ಥನು ನೇಮಕವಾದನು. ಇದನ್ನು ಒಪ್ಪದೆ, ತೀರ್ಪು ದೇವರದೇ ಹೊರತು ಮನುಷ್ಯರದಲ್ಲವೆಂದು ಅಲಿಯವರ ಸೈನ್ಯದಿಂದ ಹೊರಟುಹೋದವರು ‘ಖಾರಿಜಿ’ಗಳೆನಿಸಿದರು. ಅವರನ್ನು ಅಲಿಯವರು ೬೫೮ರಲ್ಲಿ ನಹ್ರವಾನಿನಲ್ಲಿ ಸೋಲಿಸಿದರು. ೬೬೧ನೆಯ ಜನವರಿಯಲ್ಲಿ ಕೂಫದ ಮಸೀದಿಯಲ್ಲಿ ಇಬ್ನ್ ಮುಲ್ಜಮ್ ಎಂಬ ಖಾರಿಜಿಯು ಅವರನ್ನು ವಿಷದ ಕತ್ತಿಯಿಂದ ಹೊಡೆದನು. ನಿಮ್ಮ ಮಗನಾದ ಹಸನನಿಗೆ ಪ್ರತಿಜ್ಞೆಮಾಡೋಣವೇ ಎಂದು ಕೇಳಿದವರಿಗೆ, ತಾವು ಆಜ್ಞಾಪಿಸುವುದೂ ಇಲ್ಲ, ನಿಷೇಧಿಸುವುದೂ ಇಲ್ಲವೆಂದು ಅಲಿಯವರು ಹೇಳಿದರೆಂದು ತಬರಿಯು ಕೊಟ್ಟಿರುವ ಒಂದು ಪಾಠವುಂಟು. ಹಸನರನ್ನು ತಂದೆಯೇ ನೇಮಿಸಿದರೆಂಬುದು ಷಿಯಾಗಳ ಸಂಪ್ರದಾಯವು.

೭

ಹಸನರು ಕೆಲವು ತಿಂಗಳಲ್ಲಿಯೇ ಪದವಿಯನ್ನು ಮುಆವಿಯರಿಗೆ ಬಿಟ್ಟರು. ಮುಆವಿಯರು ದಮಾಸ್ಕಸಿನಿಂದ ೬೮೦ರವರೆಗೆ ದಕ್ಷತೆಯಿಂದ ಆಳಿ, ಬದುಕಿರುವಾಗಲೇ ತಮ್ಮ ಮಗನಾದ ಯಜೀದನಿಗೆ ಎಲ್ಲರಿಂದಲೂ ಪ್ರತಿಜ್ಞೆಮಾಡಿಸಿದರು. ಇದು ಅಬೂಬಕರ ಉಮರರ ಪದ್ಧತಿಯಲ್ಲ, ರೋಮಕ ಚಕ್ರವರ್ತಿಗಳ ಪದ್ಧತಿಯೆಂದು ಅಬೂಬಕರರ ಮಗನಾದ ಅಬ್ದುರ್ರಹಮಾನನು ಆಕ್ಷೇಪಿಸಿದನಂತೆ. ಅಲಿಯವರ ಕಿರಿಯ ಮಗನಾದ ಹುಸೈನರು ಪ್ರತಿಜ್ಞೆಮಾಡಲೊಪ್ಪದೆ, ೬೮೦ನೆಯ ಅಕ್ಟೋಬರ್ ೧೦ರಂದು ಕರ್ಬಲಾದಲ್ಲಿ ಅಲ್ಪಪರಿವಾರದೊಡನೆ ಹತರಾದರು. ಬೈಅತ್ ಎಂಬುದು ಒಡಂಬಡಿಕೆಯಾದರೆ ಅದನ್ನು ನಿರಾಕರಿಸುವ ಸ್ವಾತಂತ್ರ್ಯವೂ ಇರಬೇಕಷ್ಟೆ. ಆ ಸ್ವಾತಂತ್ರ್ಯವು ಕರ್ಬಲಾದಲ್ಲಿ ಮುಗಿಯಿತು.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ೭೫೦ರಲ್ಲಿ ಉಮಯ್ಯರು ಅಳಿದು, ಪೈಗಂಬರರ ಚಿಕ್ಕಪ್ಪನಾದ ಅಬ್ಬಾಸನ ವಂಶದವರು ಬಂದರು. ೭೬೨ರಲ್ಲಿ ಬಾಗ್ದಾದು ಕಟ್ಟಲ್ಪಟ್ಟಿತು. ೯೪೫ರಲ್ಲಿ ಬುವೈಹಿ ಸೇನಾಪತಿಗಳು ಆ ನಗರವನ್ನು ಹೊಕ್ಕ ಮೇಲೆ ಖಲೀಫನಿಗೆ ಹೆಸರು ಮಾತ್ರ ಉಳಿಯಿತು. ೧೨೫೮ರಲ್ಲಿ ಮಂಗೋಲರು ಬಾಗ್ದಾದನ್ನು ನಾಶಮಾಡಿದರು. ೧೨೬೧ರಿಂದ ಕೈರೋ ನಗರದಲ್ಲಿ ಅಬ್ಬಾಸಿ ಖಲೀಫರ ನೆರಳು ೧೫೧೭ರವರೆಗೆ ನಡೆಯಿತು. ಅವರಲ್ಲಿ ಕಡೆಯವನು ತುರ್ಕಿಯ ಸುಲ್ತಾನನಿಗೆ ಪದವಿಯನ್ನು ವಿಧ್ಯುಕ್ತವಾಗಿ ಒಪ್ಪಿಸಿದನೆಂಬ ಕಥೆಯು ಸಮಕಾಲೀನ ಆಧಾರಗಳಲ್ಲಿಲ್ಲ. ೧೮ನೆಯ ಶತಮಾನದಲ್ಲಿ ಪ್ರಚಾರಕ್ಕೆ ಬಂದುದು. ೧೯೨೪ನೆಯ ಮಾರ್ಚ್ ೩ರಂದು ತುರ್ಕಿಯ ಮಹಾಸಭೆಯು ಈ ಪದವಿಯನ್ನೇ ತೆಗೆದುಹಾಕಿತು.

೮

ಮೊದಲ ನಾಲ್ವರು ಮಾಡಿದುದನ್ನು ಮುಂದಿನವರು ಹೇಗೆ ಶಾಸ್ತ್ರವನ್ನಾಗಿ ಮಾಡಿದರೆಂಬುದನ್ನು ಇನ್ನು ನೋಡುವ. ೧೦೫೮ರಲ್ಲಿ ಕಾಲವಾದ ಮಾವರ್ದಿ ಎಂಬ ನ್ಯಾಯಶಾಸ್ತ್ರಜ್ಞನು ರಾಜ್ಯಾಡಳಿತದ ವಿಧಿಗಳನ್ನು ಕುರಿತ ತನ್ನ ಪ್ರಸಿದ್ಧಗ್ರಂಥದಲ್ಲಿ, ಕಟ್ಟುವ ಬಿಚ್ಚುವ ಅಧಿಕಾರವುಳ್ಳ ಯೋಗ್ಯರ ಆಯ್ಕೆಯಿಂದಲೋ ಹಿಂದಿನವನ ನೇಮಕದಿಂದಲೋ ಖಲೀಫನಾಗಬಹುದೆಂದು ಹೇಳುವನು. ಆರಿಸುವವರು ಕನಿಷ್ಠ ಎಷ್ಟು ಮಂದಿಯಿರಬೇಕು? ಐವರು ಸಾಕೆಂಬುದು ಒಂದು ಮತವು. ಅಬೂಬಕರರಿಗೆ ಮೊದಲು ಪ್ರತಿಜ್ಞೆಮಾಡಿದವರು ಐವರು. ಉಮರರು ಆರು ಮಂದಿಯನ್ನು ಗೊತ್ತುಮಾಡಿದುದೂ ಐವರು ಸೇರಿ ಆರನೆಯವನನ್ನು ಆರಿಸಲೆಂದೇ ಎಂಬುದು ಅದಕ್ಕೆ ಕೊಡುವ ಉಪಪತ್ತಿ. ಮೂವರು ಸಾಕು, ಒಬ್ಬನೇ ಸಾಕು ಎಂಬ ಮತಗಳನ್ನೂ ಅವನು ಉದಾಹರಿಸುವನು.

ಚಪ್ಪರದಡಿಯ ಗೊಂದಲದಲ್ಲಿ ಒದಗಿದ ಸಂಖ್ಯೆಯು ನಾನೂರು ವರ್ಷಗಳ ತರುವಾಯ ವಿಧಿಯಾಗಿ ನಿಂತಿತು. ಯಾವುದನ್ನು ಮಾದರಿಯಾಗಿ ಹಿಡಿಯಬಾರದೆಂದು ಉಮರರು ಹೇಳಿದ್ದರೋ ಅದೇ ಮಾದರಿಯಾಯಿತು. ಇದನ್ನು ನೋಡಿ ನಗುವುದು ಯುಕ್ತವಲ್ಲ. ಮಾವರ್ದಿಯ ಕಾಲದಲ್ಲಿ ಖಲೀಫನು ಬುವೈಹಿಗಳ ಕೈಗೊಂಬೆಯಾಗಿದ್ದನು. ಬಲವೇ ಎಲ್ಲವನ್ನೂ ನಿರ್ಣಯಿಸುತ್ತಿದ್ದ ಕಾಲದಲ್ಲಿ, ಅಧಿಕಾರಕ್ಕೆ ಬಲವಲ್ಲದೆ ಬೇರೊಂದು ಮೂಲವುಂಟೆಂದು ಸ್ಥಾಪಿಸಲು ಆತನಿಗೆ ಪೂರ್ವರ ಆಚಾರವೊಂದೇ ಆಧಾರವಾಗಿದ್ದಿತು. ದೇಶಾಚಾರ ಕುಲಾಚಾರಗಳನ್ನು ಸಂಗ್ರಹಿಸಿ ವಿಧಿಯನ್ನಾಗಿ ಮಾಡಿದ ನಮ್ಮ ನಿಬಂಧಕಾರರ ಸ್ಥಿತಿಯೂ ಕೆಲವು ಕಾಲಗಳಲ್ಲಿ ಹೀಗೆಯೇ ಇದ್ದಿತು.

ಇನ್ನೆರಡು ಸಿದ್ಧಾಂತಗಳಲ್ಲಿ ಷಿಯಾಗಳದು ಜನರ ಆಯ್ಕೆಯನ್ನೇ ಒಪ್ಪುವುದಿಲ್ಲ: ನಾಯಕನು ಪೈಗಂಬರರ ಕುಲದಲ್ಲಿ, ಹಿಂದಿನ ಇಮಾಮನ ನಿರ್ದೇಶದಿಂದಲೇ ಆಗಬೇಕು. ಖಾರಿಜಿಗಳದು ಇದಕ್ಕೆ ತೀರ ವಿರುದ್ಧವಾದುದು: ಧರ್ಮಿಷ್ಠನಾದ ಯಾವನಾದರೂ, ಕುರೈಷನಲ್ಲದಿದ್ದರೂ, ನಾಯಕನಾಗಬಹುದು; ಅಧರ್ಮಿಯಾದರೆ ಅವನನ್ನು ಇಳಿಸಲೇಬೇಕು. ಇಳಿಸುವ ಪ್ರಶ್ನೆಯನ್ನು ನೇರವಾಗಿ ಎತ್ತಿದವರು ಇವರೇ. ಆದರೆ ಕತ್ತಿಯ ಹೊರತು ಬೇರೆ ಉಪಾಯವನ್ನು ಇವರೂ ಕಾಣಲಿಲ್ಲ.

೯

ಈ ವಿವಾದವು ಕರ್ಣಾಟಕದಿಂದ ದೂರವಾದುದೆಂದು ತಿಳಿಯಬಾರದು. ಶುಕ್ರವಾರದ ಪ್ರಾರ್ಥನೆಯ ಖುತ್ಬದಲ್ಲಿ ಮೊದಲ ನಾಲ್ವರು ಖಲೀಫರ ಹೆಸರನ್ನು ಹೇಳಬೇಕೋ, ಹನ್ನೆರಡು ಇಮಾಮರ ಹೆಸರನ್ನು ಹೇಳಬೇಕೋ ಎಂಬುದು ವಿಜಾಪುರದ ಆದಿಲಶಾಹಿ ರಾಜ್ಯದಲ್ಲಿ ೧೬ನೆಯ ಶತಮಾನದಲ್ಲೆಲ್ಲ ರಾಜಕಾರಣದ ಪ್ರಶ್ನೆಯಾಗಿದ್ದಿತು. ಯೂಸುಫನು ಇಮಾಮರ ಹೆಸರನ್ನು ತಂದನು. ೧೫೩೪ರಲ್ಲಿ ಪಟ್ಟವೇರಿದ ಮೊದಲನೆಯ ಇಬ್ರಾಹೀಮನು ಖಲೀಫರ ಹೆಸರನ್ನು ನಿಲ್ಲಿಸಿದನು. ೧೫೫೮ರಲ್ಲಿ ಬಂದ ಮೊದಲನೆಯ ಅಲಿಯು ಮತ್ತೆ ಇಮಾಮರ ಹೆಸರನ್ನು ಹೇಳಿಸಿದನು. ಟೀಪೂ ಸುಲ್ತಾನನು ೧೭೮೬ರಲ್ಲಿ ತುರ್ಕಿಯ ಸುಲ್ತಾನನಲ್ಲಿಗೆ ರಾಯಭಾರಿಗಳನ್ನು ಹಡಗಿನಲ್ಲಿ ಕಳುಹಿಸಿದುದರಲ್ಲಿ ತನ್ನ ಪಟ್ಟಕ್ಕೆ ಮನ್ನಣೆಯನ್ನು ಪಡೆಯುವ ಉದ್ದೇಶವೂ ಒಂದಾಗಿದ್ದಿತು. ಉತ್ತರ ಕರ್ಣಾಟಕದ ಹಳ್ಳಿಗಳಲ್ಲಿ ಮೊಹರಮಿನ ಕಾಲದಲ್ಲಿ ಹಿಂದುಗಳೂ ಮುಸಲ್ಮಾನರೂ ಕೂಡಿ ಹಾಡುವ ರಿವಾಯತ್ ಪದಗಳು ಹಸನ ಹುಸೇನರ ಕಥೆಯನ್ನು ಕನ್ನಡದಲ್ಲಿಯೇ ಹೇಳುತ್ತವೆ. ಆ ಪದಗಳನ್ನು ಸಂಗ್ರಹಿಸುವವರಿಗೂ ಪಾಠಹೇಳುವವರಿಗೂ ಕರ್ಬಲಾದ ಹಿಂದಿನ ಈ ೨೯ ವರ್ಷಗಳ ಪರಿಚಯವು ಅವಶ್ಯಕವು.

ಮೇಲಿನ ವಿಚಾರದ ಸಾರವಿಷ್ಟು. ಮೊದಲ ನಾಲ್ವರು ನಾಲ್ಕು ಬಗೆಯಿಂದ ಅಧಿಕಾರಕ್ಕೆ ಬಂದರು; ಆ ನಾಲ್ಕನ್ನೂ ಆಯಾ ಕಾಲದ ಕಷ್ಟಕ್ಕೆ ಪರಿಹಾರವಾಗಿ ಕಂಡುಕೊಂಡರೇ ಹೊರತು ಶಾಶ್ವತವಾದ ವಿಧಿಯೆಂದು ಸಾರಲಿಲ್ಲ. ಮೂವರು ಕೊಲೆಗೀಡಾದರು. ಇಷ್ಟಾದರೂ ಮೊದಲ ಮೂವರಲ್ಲಿ ಒಬ್ಬರೂ ರಾಜ್ಯವನ್ನು ತಮ್ಮ ಮಗನಿಗೆ ಬಿಡಲಿಲ್ಲವೆಂಬುದು, ರೋಮಕ ಸಾಸಾನಿ ರಾಜವಂಶಗಳ ನಡುವೆ ನಿಂತು ನೋಡಿದಾಗ, ಅಲ್ಪವಾದ ಸಂಗತಿಯಲ್ಲ. ಅವರ ಸಂಸ್ಥೆಯು ಕುಸಿದುದು ನಾಯಕನನ್ನು ಆರಿಸಲು ತಿಳಿಯದೆ ಇದ್ದುದರಿಂದಲ್ಲ. ಆರಿಸಿದವನೊಡನೆ ಭಿನ್ನಾಭಿಪ್ರಾಯವು ಬಂದಾಗ ರಕ್ತಪಾತವಿಲ್ಲದೆ ಅದನ್ನು ತೀರಿಸುವ ಉಪಾಯವನ್ನು ಏರ್ಪಡಿಸದೆ ಇದ್ದುದರಿಂದ. ಆದಿ ಖಲೀಫರನ್ನು ದೇವಮಾನವರೆಂದು ಸ್ತುತಿಸುವವರೂ, ಕೇವಲ ದಿಗ್ವಿಜಯಿಗಳೆಂದು ಬದಿಗಿಡುವವರೂ ಈ ಭೇದವನ್ನು ಗಮನಿಸಿದರೆ ಇತಿಹಾಸಕ್ಕೆ ನ್ಯಾಯವನ್ನು ಮಾಡಿದಂತಾಗುವುದು. ಇತ್ಯಲಂ.